ಗೋದಲಿಯ ಮುಂದಿನ ಹಾಡು: ಕ್ರಿಸ್ತಜಯಂತಿಯ ಗೀತೆಗಳೂ ನಮ್ಮ ಗಾನವೃಂದವೂ

ದೇವಾಲಯವೊಂದಕ್ಕೆ ನೂರು ವರುಷ ತುಂಬಿದಾಗ ಅದರ ಚರಿತ್ರೆಯನ್ನು ಬರೆಯಹೊರಟವರು ಅಸ್ತಿಭಾರದ ಕಲ್ಲು, ಗೋಪುರದ ಗಂಟೆ, ಸೇವೆ ಸಲ್ಲಿಸಿದ ಗುರುವರ್ಯರ ನಾಮಾವಳಿ, ದಾನಿಗಳ ಪಟ್ಟಿ ಇವುಗಳಿಂದ ಆರಂಭಿಸುವುದು ವಾಡಿಕೆ. ಆ ವಾಡಿಕೆ ಯೋಗ್ಯವಾದುದೇ. ಆದರೆ ಕಲ್ಲುಗಾರೆಗಳ ಚರಿತ್ರೆಯ ಜೊತೆಜೊತೆಗೇ ಕಡತಗಳಲ್ಲಿ ದಾಖಲಾಗದ ಇನ್ನೊಂದು ಚರಿತ್ರೆಯೂ ಪ್ರತಿಯೊಂದು ಧರ್ಮಕೇಂದ್ರಕ್ಕೆ ಇರುತ್ತದೆ. ಅದು ಅಲ್ಲಿನ ಜನರ ಕಂಠದ ಚರಿತ್ರೆ. ಯಾರು ಹಾಡಿದರು, ಯಾವ ಭಾಷೆಯಲ್ಲಿ ಹಾಡಿದರು, ಯಾರು ಯಾರಿಗೆ ಕಲಿಸಿದರು ಎಂಬುದನ್ನು ಜ್ಞಾನಸ್ನಾನದ ದಫ್ತರದಂತೆ ಯಾರೂ ಬರೆದಿಡುವುದಿಲ್ಲ. ಹಾಡಿದವರು ಮಣ್ಣಾದ ಮೇಲೆ ಮಕ್ಕಳ ಬಾಯಲ್ಲಿ ಉಳಿದರೆ ಹಾಡು ಉಳಿಯಿತು; ಇಲ್ಲವಾದರೆ ಇಲ್ಲ.

ಈ ಶತಮಾನೋತ್ಸವದ ಸಂದರ್ಭದಲ್ಲಿ ಕ್ರಿಸ್ತಜಯಂತಿಯ ಶ್ರೇಷ್ಠ ಗೀತೆಗಳ ಕುರಿತು ನಾಲ್ಕು ಮಾತು ಬರೆಯಬೇಕೆಂದು ಸಂಚಿಕೆಯ ಸಮಿತಿಯವರು ಕೇಳಿದಾಗ, ಆ ಗೀತೆಗಳು ಲೋಕದಲ್ಲಿ ಹೇಗೆ ಹುಟ್ಟಿದವು, ನಮ್ಮ ದಾವಣಗೆರೆ-ಹರಿಹರಗಳ ಸೀಮೆಯಲ್ಲಿ ಅವು ಹೇಗೆ ಕನ್ನಡವಾದವು, ಇನ್ನು ಮುಂದೆ ಅವುಗಳ ಗತಿಯೇನು ಎಂಬ ಮೂರು ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟುಕೊಂಡು ಬರೆಯುವುದು ಉಚಿತವೆಂದು ತೋರಿತು.

ಮೊದಲ ಗಾಯಕರು, ಮೊದಲ ಶ್ರೋತೃಗಳು

ಸಂತ ಲೂಕರ ಶುಭಸಂದೇಶವನ್ನು ಕಿವಿಯಿಟ್ಟು ಓದಿದರೆ ಅದರ ಮೊದಲ ಎರಡು ಅಧ್ಯಾಯಗಳು ಒಂದು ಗೀತಸಂಪುಟವೇ ಸರಿ. ಮಾತೆ ಮರಿಯಮ್ಮನವರು ಹಾಡುತ್ತಾರೆ, ಜಕರಿಯರು ಹಾಡುತ್ತಾರೆ, ವೃದ್ಧ ಸಿಮೆಯೋನರು ಮಗುವನ್ನು ತೋಳಲ್ಲಿ ಹಿಡಿದು ಹಾಡುತ್ತಾರೆ, ನಡುವೆ ದೇವದೂತರ ಸಮೂಹ ಆಕಾಶದಲ್ಲಿ ಹಾಡುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಜೆರುಸಲೇಮಿನ ಮಹಾದೇವಾಲಯದಲ್ಲಿ ವಂಶಪಾರಂಪರ್ಯವಾಗಿ ಹಾಡುವ ಲೇವಿಯರ ಗಾಯಕ ವರ್ಗವೇ ಇತ್ತು. ಆದರೂ ದೇವದೂತರ ಗೀತೆ ಕೇಳಿಬಂದದ್ದು ಆ ಪಂಡಿತ ಗಾಯಕರಿಗಲ್ಲ. ಹೊಲದಲ್ಲಿ ರಾತ್ರಿಯೆಲ್ಲ ಕುರಿಮಂದೆ ಕಾಯುತ್ತಿದ್ದವರಿಗೆ. ತುಂಗಭದ್ರೆಯ ದಂಡೆಯ ಹೊಲಗಳಲ್ಲಿ ಮಂದೆ ಹಾಕಿ, ಕರಿಯ ಕಂಬಳಿ ಹೊದ್ದು, ಚಳಿಯಲ್ಲಿ ಕಾವಲಿರುವ ಕುರುಬ ಬಂಧುಗಳನ್ನು ಕಂಡವರಿಗೆ ಈ ದೃಶ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ. ಕ್ರಿಸ್ತಜಯಂತಿಯ ಗೀತೆ ಹುಟ್ಟಿದಂದಿನಿಂದಲೂ ಸಾಮಾನ್ಯರ ಸೊತ್ತು.

ಆ ದೇವದೂತರ ಗೀತೆಯೇ ನಮ್ಮ ಬಲಿಪೂಜೆಯ ಮಹಿಮಾಗೀತೆಯ ಬೀಜ. ರೋಮಿನಲ್ಲಿ ಅದು ಮೊದಮೊದಲು ಕ್ರಿಸ್ತಜಯಂತಿಯ ರಾತ್ರಿಯ ಪೂಜೆಗೇ ಸೇರಿದ್ದಿತೆಂದು ಪುರಾತನ ಪರಂಪರೆ ಹೇಳುತ್ತದೆ. ಇಂದಿಗೂ ಆಗಮನ ಕಾಲದ ನಾಲ್ಕು ಭಾನುವಾರಗಳಲ್ಲಿ ಮಹಿಮಾಗೀತೆಯನ್ನು ನಿಲ್ಲಿಸಿ, ಜಯಂತಿಯ ರಾತ್ರಿ ಗಂಟೆಗಳ ನಾದದೊಡನೆ ಮತ್ತೆ ಎತ್ತಿಕೊಳ್ಳುತ್ತೇವೆ. ಉಪವಾಸವಿದ್ದವನಿಗೆ ಅನ್ನದ ರುಚಿ ತಿಳಿಯುವಂತೆ, ನಾಲ್ಕು ವಾರ ಮೌನವಿದ್ದ ಕಿವಿಗೆ ಆ ಗೀತೆಯ ರುಚಿ ತಿಳಿಯುತ್ತದೆ.

ಜನರು ಹಾಡಿದ ಕಾಲ

ಪಶ್ಚಿಮದ ಧರ್ಮಸಭೆಯಲ್ಲಿ ಜನಸಮೂಹದ ಗಾಯನಕ್ಕೆ ಒಂದು ಸ್ಮರಣೀಯ ಆರಂಭವಿದೆ. 386ನೆಯ ಇಸವಿಯಲ್ಲಿ ಮಿಲಾನ್ ನಗರದ ದೇವಾಲಯವನ್ನು ಪಾಷಂಡಿಗಳ ಪಕ್ಷಕ್ಕೆ ಬಿಟ್ಟುಕೊಡಬೇಕೆಂದು ರಾಜಮಾತೆ ಜಸ್ಟೀನಾ ಒತ್ತಾಯಿಸಿದಾಗ, ಧರ್ಮಾಧ್ಯಕ್ಷ ಸಂತ ಅಂಬ್ರೋಸರೊಡನೆ ಭಕ್ತಜನರು ದೇವಾಲಯದೊಳಗೇ ಕುಳಿತು ಹಗಲಿರುಳು ಜಾಗರಣೆ ಮಾಡಿದರು. ಅವರು ಎದೆಗುಂದದಿರಲೆಂದು ಅಂಬ್ರೋಸರು ಅವರಿಗೆ ಗೀತೆಗಳನ್ನು ಕಲಿಸಿದರು. ಆ ಗಾಯನವನ್ನು ಕೇಳಿ ತಾವು ಕಣ್ಣೀರು ಸುರಿಸಿದುದನ್ನು ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯಲ್ಲಿ ದಾಖಲಿಸಿದ್ದಾರೆ. ಅದೇ ಅಂಬ್ರೋಸರು ರಚಿಸಿದ ಕ್ರಿಸ್ತಜನನದ ಲತೀನ್ ಗೀತೆಯೊಂದು ಹದಿನಾರು ಶತಮಾನಗಳು ಕಳೆದರೂ ಧರ್ಮಸಭೆಯ ಪ್ರಾರ್ಥನಾಗ್ರಂಥದಲ್ಲಿ ಉಳಿದಿದೆ. ಕಷ್ಟಕಾಲದಲ್ಲಿ ಜನರ ಧೈರ್ಯಕ್ಕಾಗಿ ಕಟ್ಟಿದ ಹಾಡಿನ ಆಯುಷ್ಯ ಇಷ್ಟು ದೀರ್ಘ.

ಮುಂದೆ ಮಠಗಳಲ್ಲಿ ಗ್ರೆಗೋರಿಯನ್ ಗಾಯನ ಬೆಳೆಯಿತು. ವಾದ್ಯವಿಲ್ಲ, ತಾಳದ ಹೊಡೆತವಿಲ್ಲ. ಎಲ್ಲರದೂ ಒಂದೇ ಸ್ವರದ ಧಾರೆ. ವೇದಘೋಷವನ್ನು ಕೇಳಿದ ಭಾರತೀಯನಿಗೆ ಅದು ಪರಕೀಯವೆನಿಸುವುದಿಲ್ಲ. ಜಯಂತಿಯ ಹಗಲಿನ ಪೂಜೆಯ ಪ್ರವೇಶಗೀತೆಯಾದ 'ಪುಎರ್ ನಾತುಸ್' ಈ ಪದ್ಧತಿಯ ಮುಕುಟಮಣಿಗಳಲ್ಲೊಂದು. ಹನ್ನೊಂದನೆಯ ಶತಮಾನದಲ್ಲಿ ಅರೆಜ್ಜೊ ನಗರದ ಗೀದೊ ಎಂಬ ಸನ್ಯಾಸಿ, ಸ್ನಾನಿಕ ಯೊವಾನ್ನರ ಸ್ತುತಿಗೀತೆಯ ಸಾಲುಗಳ ಮೊದಲ ಅಕ್ಷರಗಳನ್ನು ಆಯ್ದುಕೊಂಡು ಸ್ವರಗಳಿಗೆ ಹೆಸರಿಟ್ಟನು. ನಮ್ಮ ಸರಿಗಮದಂತೆ ಪಶ್ಚಿಮಕ್ಕೂ ಒಂದು ಸ್ವರಾಕ್ಷರಮಾಲೆ ದೊರೆತದ್ದು ಹೀಗೆ. ಹದಿನಾರನೆಯ ಶತಮಾನಕ್ಕೆ ಬರುವಷ್ಟರಲ್ಲಿ ಒಂದೇ ಧಾರೆ ನಾಲ್ಕಾಗಿ, ಆರಾಗಿ ಕವಲೊಡೆದು ಬಹುಧ್ವನಿ ಗಾಯನವಾಯಿತು. ಇಟಲಿಯ ಪಾಲೆಸ್ತ್ರೀನಾ, ಸ್ಪೇನಿನ ಗುರು ತೊಮಾಸ್ ಲೂಯಿಸ್ ದೆ ವಿಕ್ತೋರಿಯಾ ಈ ಕಲೆಯ ಶಿಖರಗಳು. 1572ರಲ್ಲಿ ವಿಕ್ತೋರಿಯಾ ಪ್ರಕಟಿಸಿದ 'ಓ ಮಾಗ್ನುಮ್ ಮಿಸ್ತೇರಿಯುಮ್' ಎಂಬ ರಚನೆ ಗೋದಲಿಯ ಮೂಕಪ್ರಾಣಿಗಳು ಪ್ರಭುವನ್ನು ಕಂಡ ಸೋಜಿಗವನ್ನು ಕುರಿತದ್ದು. ನಾಲ್ಕು ಧ್ವನಿಗಳು ಒಂದರ ಹಿಂದೊಂದು ಮೆಲ್ಲಗೆ ಒಳಬರುವ ಆ ಪರಿ, ಕತ್ತಲ ಕೊಟ್ಟಿಗೆಯೊಳಕ್ಕೆ ತಲೆಬಾಗಿ ಬರುವವರ ನಡಿಗೆಯಂತಿದೆ.

ಪ್ರೊಟೆಸ್ಟಂಟ್ ಸಹೋದರರ ಕಾಣಿಕೆಯನ್ನೂ ಇಲ್ಲಿ ಸ್ಮರಿಸಲೇಬೇಕು. 1734ರ ಡಿಸೆಂಬರಿನಲ್ಲಿ ಲೈಪ್ಸಿಗ್ ನಗರದಲ್ಲಿ ಮೊದಲ ಬಾರಿಗೆ ಹಾಡಲಾದ ಬಾಖ್ ಮಹಾಶಯರ ಕ್ರಿಸ್ತಜಯಂತಿಯ ಗೀತಪ್ರಬಂಧ, 1742ರ ಏಪ್ರಿಲ್ 13ರಂದು ಡಬ್ಲಿನ್ನಿನಲ್ಲಿ ಮೊದಲು ಕೇಳಿಬಂದ ಹ್ಯಾಂಡೆಲ್ಲರ 'ಮೆಸ್ಸೈಯ' ಇವು ಇಡೀ ಕ್ರೈಸ್ತ ಲೋಕದ ಆಸ್ತಿ. 'ಮೆಸ್ಸೈಯ'ದ ಆ ಮೊದಲ ಪ್ರದರ್ಶನದ ಹಣ ಸಾಲದ ಸೆರೆಯಲ್ಲಿದ್ದ ಕೈದಿಗಳ ಬಿಡುಗಡೆಗೂ ಆಸ್ಪತ್ರೆಗಳಿಗೂ ಸಂದಿತೆಂಬುದನ್ನು ನಮ್ಮ ಗಾನವೃಂದದವರು ನೆನಪಿಡುವುದು ಒಳ್ಳೆಯದು.

ಕ್ಯಾರೊಲ್ ಮತ್ತು ಕೋಲಾಟ

ಆದರೆ ಇಷ್ಟೆಲ್ಲ ಆಗುವಾಗ ಒಂದು ಕೊರತೆಯೂ ಉಂಟಾಯಿತು. ಗಾಯನ ಎತ್ತರಕ್ಕೆ ಏರಿದಷ್ಟೂ ಜನರ ಬಾಯಿ ಮುಚ್ಚುತ್ತ ಬಂದಿತು. ಬಲ್ಲವರು ಹಾಡಿದರು, ಉಳಿದವರು ಕೇಳಿದರು. ಆ ಕೊರತೆಯನ್ನು ತುಂಬಿದ್ದು ಬೀದಿಯ ಹಾಡು.

ಕ್ಯಾರೊಲ್ ಎಂಬ ಮಾತಿನ ಮೂಲ ಫ್ರೆಂಚರ 'ಕರೋಲ್'. ಅದು ಕೈಕೈ ಹಿಡಿದು ವೃತ್ತಾಕಾರವಾಗಿ ಕುಣಿಯುತ್ತ ಹಾಡುವ ಪದ. ಮುಂದಾಳು ಒಂದು ನುಡಿಯನ್ನು ಹೇಳುತ್ತಾನೆ. ಸುತ್ತಲಿನವರು ಪಲ್ಲವಿಯನ್ನು ಎತ್ತಿಕೊಳ್ಳುತ್ತಾರೆ. ಇದು ನಮ್ಮ ಕೋಲಾಟವಲ್ಲದೆ ಮತ್ತೇನು? ಮದುವೆ ಮನೆಯ ಸೋಬಾನೆ, ರಾಗಿ ಬೀಸುವಾಗಿನ ಪದ, ತೊಟ್ಟಿಲ ಜೋಗುಳ ಎಲ್ಲದರ ಕಟ್ಟೂ ಇದೇ: ಒಬ್ಬರು ಹೇಳುವುದು, ಹಲವರು ಸೊಲ್ಲಿಗೆ ಸೊಲ್ಲು ಸೇರಿಸುವುದು. ಕ್ಯಾರೊಲ್ ಪರದೇಶದಿಂದ ಬಂದ ವಸ್ತುವೆಂದು ನಾವು ಭಾವಿಸಿದ್ದೇವೆ. ಅದರ ಹೆಸರು ಮಾತ್ರ ಪರದೇಶದ್ದು.

ಈ ಜನಪದ ವಾಹಿನಿಗೆ ಧರ್ಮಸಭೆಯ ಬಾಗಿಲು ತೆರೆದವರು ಸಂತರೇ. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಹುಲ್ಲು ಹರಡಿ, ಎತ್ತು ಕತ್ತೆಗಳನ್ನು ತಂದು ಕಟ್ಟಿ, ಊರವರನ್ನು ಪಂಜುಗಳೊಡನೆ ಕರೆಸಿ ಜಯಂತಿಯನ್ನು ಆಚರಿಸಿದರು. ಉಪಯಾಜಕರಾಗಿದ್ದ ಅವರು ಅಂದು ಶುಭಸಂದೇಶವನ್ನು ತಾವೇ ಹಾಡಿದರೆಂದು ಅವರ ಚರಿತ್ರೆಕಾರರು ಬರೆದಿದ್ದಾರೆ. ನಮ್ಮ ಮನೆಮನೆಯ ಗೋದಲಿಗೆ ಅದೇ ಮೂಲ. ಹದಿನೆಂಟನೆಯ ಶತಮಾನದಲ್ಲಿ ಸಂತ ಅಲ್ಫೋನ್ಸ್ ಲಿಗೋರಿಯವರು ದಕ್ಷಿಣ ಇಟಲಿಯ ಬಡ ಹಳ್ಳಿಗರಿಗಾಗಿ 'ತು ಶೆಂದಿ ದಾಲ್ಲೆ ಸ್ತೆಲ್ಲೆ' ಎಂಬ ಜಯಂತಿಯ ಗೀತೆಯನ್ನು ಕಟ್ಟಿದರು. ನೇಪಲ್ಸಿನ ಆಡುನುಡಿಯಲ್ಲೇ ಇನ್ನೊಂದನ್ನು ಬರೆದರು. ಮುಂದೆ ಧರ್ಮಸಭೆಯ ಆಚಾರ್ಯರೆಂದು ಮನ್ನಣೆ ಪಡೆದ ಮಹಾ ದೈವಶಾಸ್ತ್ರಜ್ಞರು ಕೂಲಿಕಾರನ ನುಡಿಯಲ್ಲಿ ಜೋಗುಳ ಬರೆಯುವುದನ್ನು ಕೀಳೆಂದು ತಿಳಿಯಲಿಲ್ಲ.

ನದಿಯ ದಂಡೆಯ ಒಂದು ರಾತ್ರಿ

ಇಂತಹ ಗೀತೆಗಳ ಪೈಕಿ ಲೋಕಪ್ರಸಿದ್ಧವಾದದ್ದು 'ಸೈಲೆಂಟ್ ನೈಟ್'. ಅದರ ಹುಟ್ಟಿನ ಕತೆ ತುಂಗಭದ್ರೆಯ ದಂಡೆಯಲ್ಲಿರುವ ನಮಗೆ ವಿಶೇಷವಾಗಿ ಹತ್ತಿರದ್ದು. ಆಸ್ಟ್ರಿಯದ ಸಾಲ್ಜಾಖ್ ನದಿಯ ತೀರದ ಓಬೆರ್ನ್‌ಡಾರ್ಫ್ ಉಪ್ಪು ಸಾಗಿಸುವ ದೋಣಿಗಾರರ ಊರು. ನೆಪೋಲಿಯನ್ನನ ಯುದ್ಧಗಳು ಮುಗಿದಿದ್ದವು. 1816ರಲ್ಲಿ ಆ ನದಿಯನ್ನೇ ಎರಡು ರಾಜ್ಯಗಳ ಗಡಿಯಾಗಿ ಮಾಡಿದ್ದರಿಂದ ಊರು ತನ್ನ ಎದುರು ದಂಡೆಯ ಪೇಟೆಯಿಂದ ಬೇರೆಯಾಗಿತ್ತು. ಜನರು ಬಡತನದಲ್ಲಿದ್ದರು. ಅಲ್ಲಿನ ಸಂತ ನಿಕೋಲಾಸರ ದೇವಾಲಯದ ಸಹಾಯಕ ಗುರು ಯೋಸೆಫ್ ಮೋರ್. ತಂದೆಯ ಆಸರೆಯಿಲ್ಲದೆ ಬಡತನದಲ್ಲಿ ಹುಟ್ಟಿದ ಆತನನ್ನು ಬಾಲ್ಯದಲ್ಲಿ ಓದಿಸಿ ಮುಂದೆ ತಂದವರು ಸಾಲ್ಜ್‌ಬರ್ಗಿನ ಪ್ರಧಾನಾಲಯದ ಗಾನವೃಂದದ ನಾಯಕರು. ಗಾನವೃಂದವೊಂದು ಸಾಕಿದ ಮಗು ಲೋಕಕ್ಕೆ ಹಾಡನ್ನು ಕೊಟ್ಟಿತು ಎನ್ನಬಹುದು.

1816ರಲ್ಲಿ ಬರೆದಿಟ್ಟಿದ್ದ ಕವಿತೆಯನ್ನು ಮೋರ್ 1818ರ ಡಿಸೆಂಬರ್ 24ರಂದು ಪಕ್ಕದ ಹಳ್ಳಿಯ ಶಾಲಾ ಉಪಾಧ್ಯಾಯನೂ ದೇವಾಲಯದ ವಾದ್ಯಗಾರನೂ ಆದ ಫ್ರಾನ್ಸ್ ಸಾವೇರ್ ಗ್ರೂಬರನ ಕೈಗಿತ್ತು, ಎರಡು ಕಂಠ, ಒಂದು ಗಿಟಾರ್ ಮತ್ತು ಗಾನವೃಂದಕ್ಕೆ ಹೊಂದುವಂತೆ ಸ್ವರ ಹಾಕಿಕೊಡಬೇಕೆಂದು ಕೇಳಿದರು. ಅದೇ ರಾತ್ರಿ ಗುರುವೂ ಉಪಾಧ್ಯಾಯನೂ ಕೂಡಿ ಹಾಡಿದರು. ಪ್ರತಿ ನುಡಿಯ ಕೊನೆಯನ್ನು ಗಾನವೃಂದ ನಾಲ್ಕು ಧ್ವನಿಗಳಲ್ಲಿ ಮರಳಿಸಿತು. ಇಲಿಗಳು ಆರ್ಗನ್ನಿನ ತಿದಿಯನ್ನು ಕಡಿದುಹಾಕಿದ್ದವೆಂಬ ರಸವತ್ತಾದ ಕತೆ ಆಮೇಲಿನವರು ಸೇರಿಸಿದ್ದು. ಆ ಬಳಿಕ ಆರ್ಗನ್ ರಿಪೇರಿಗಾರನೊಬ್ಬನ ಮೂಲಕ ಬೆಟ್ಟದ ಕಣಿವೆಯ ಗಾಯಕ ಕುಟುಂಬಗಳಿಗೆ ತಲುಪಿದ ಗೀತೆ, ಅವರೊಡನೆ 1839ರಲ್ಲಿ ನ್ಯೂಯಾರ್ಕನ್ನು ಮುಟ್ಟಿತು. 1914ರ ಜಯಂತಿಯಂದು ಯುದ್ಧದ ಕಂದಕಗಳಲ್ಲಿ ಎದುರುಬದುರಾಗಿದ್ದ ಸೈನಿಕರು ಜಯಂತಿಯ ಹಾಡುಗಳನ್ನು ಹಾಡಿ ಬಂದೂಕು ಕೆಳಗಿಟ್ಟ ಪ್ರಸಂಗದಲ್ಲಿಯೂ ಅದು ಕೇಳಿಬಂದಿತು. ಕೀರ್ತಿ ಹೀಗೆ ಹಬ್ಬಿದರೂ ಮೋರ್ 1848ರಲ್ಲಿ ಬಡವರಾಗಿಯೇ ತೀರಿಕೊಂಡರು. ನದಿಯ ಪ್ರವಾಹಗಳಿಂದ ಶಿಥಿಲಗೊಂಡ ಆ ದೇವಾಲಯವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆಡವಬೇಕಾಯಿತು. ಅದರ ಸ್ಥಳದಲ್ಲಿ ಇಂದು ಒಂದು ಪುಟ್ಟ ಸ್ಮಾರಕ ಗುಡಿಯಿದೆ. ಕಟ್ಟಡ ಹೋಯಿತು, ಹಾಡು ಉಳಿಯಿತು. ಶತಮಾನೋತ್ಸವ ಆಚರಿಸುವ ನಾವು ಇದನ್ನು ಚೆನ್ನಾಗಿ ಮನನ ಮಾಡಬೇಕು.

ಕನ್ನಡಕ್ಕೆ ಬಂದ ಬಗೆ

ಇನ್ನು ನಮ್ಮ ನಾಡಿಗೆ ಬರೋಣ. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಲಿಯೊನಾರ್ದೊ ಚಿನ್ನಾಮಿ ಗುರುಗಳು ಕನ್ನಡ ಕಲಿತು, ಕನ್ನಡದಲ್ಲಿಯೇ ಧರ್ಮೋಪದೇಶ ಬರೆದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ಮಟ್ಟುಗಳಿಗೆ ಕನ್ನಡದ ಮಾತುಗಳನ್ನು ಹೊಂದಿಸಿ ಸಭೆಯ ಗಾಯನವನ್ನು ಬೆಳೆಸಿದರು. ಅವರಲ್ಲೇ ಒಬ್ಬರಾದ ನಿಘಂಟುಕಾರ ಫರ್ಡಿನೆಂಡ್ ಕಿಟ್ಟೆಲ್ಲರು 1862ರಲ್ಲಿ 'ಕಥಾಮಾಲೆ'ಯನ್ನು ಪ್ರಕಟಿಸಿ, ಪ್ರಭುವಿನ ಚರಿತ್ರೆಯನ್ನು ಕನ್ನಡದ ದೇಸಿ ಛಂದಸ್ಸಿನಲ್ಲಿ ಹಾಡಬಹುದೆಂದು ತೋರಿಸಿಕೊಟ್ಟರು.

ನಮ್ಮ ಕಥೋಲಿಕ ದೇವಾಲಯಗಳಲ್ಲಿ ಬಲಿಪೂಜೆಯ ಭಾಷೆ ಆಗಿನ್ನೂ ಲತೀನ್. 'ಮಿಸ್ಸಾ ದೆ ಆಂಜೆಲಿಸ್' ಎಂಬ ದೇವದೂತರ ಪೂಜಾಗಾಯನವನ್ನು ಅರ್ಥ ತಿಳಿಯದೆಯೂ ಭಕ್ತಿಯಿಂದ ಬಾಯಿಪಾಠ ಹಾಡಿದ ತಲೆಮಾರು ಅದು. ಅವರ ಭಕ್ತಿಯನ್ನು ನಾವು ಹಗುರಾಗಿ ಕಾಣಬಾರದು. ಪಡಸಾಲೆಯಲ್ಲಿ ಕುಳಿತು ಮೊಮ್ಮಕ್ಕಳಿಗೆ ಲತೀನ್ ಮಹಿಮಾಗೀತೆಯನ್ನು ಹೇಳಿಕೊಡಬಲ್ಲ ಹಿರಿಯರು ಈಗ ಎಲ್ಲಿಯೋ ಒಬ್ಬರು ಇಬ್ಬರು. 1955ರ ಕ್ರಿಸ್ತಜಯಂತಿಯಂದೇ ಜಗದ್ಗುರು ಹನ್ನೆರಡನೆಯ ಪಯಸರು ಪವಿತ್ರ ಸಂಗೀತದ ಕುರಿತು ವಿಶ್ವಪತ್ರವನ್ನು ಹೊರಡಿಸಿ, ಜನರ ಭಾಷೆಯ ಧಾರ್ಮಿಕ ಗೀತೆಗಳನ್ನು ಪ್ರೋತ್ಸಾಹಿಸಬೇಕೆಂದರು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ತನ್ನ ಪೂಜಾವಿಧಿಯ ಶಾಸನವನ್ನು ಹೊರಡಿಸಿತು. ಗ್ರೆಗೋರಿಯನ್ ಗಾಯನಕ್ಕೆ ಅಗ್ರಸ್ಥಾನವನ್ನು ಉಳಿಸಿ, ಗಾನವೃಂದಗಳನ್ನು ಶ್ರದ್ಧೆಯಿಂದ ಬೆಳೆಸಲು ಹೇಳಿ, ಅದರ ಜೊತೆಗೇ ಇಡೀ ಸಭೆಯೂ ತನ್ನ ಪಾಲಿನದನ್ನು ಹಾಡಬೇಕೆಂದು ಅದು ವಿಧಿಸಿತು. ಸ್ವಂತ ಸಂಗೀತ ಪರಂಪರೆಯುಳ್ಳ ನಾಡುಗಳಲ್ಲಿ ಆ ಸಂಗೀತಕ್ಕೆ ತಕ್ಕ ಗೌರವ ಸಲ್ಲಬೇಕೆಂದೂ ಹೇಳಿತು. 1969ರ ಏಪ್ರಿಲ್ 25ರಂದು ಭಾರತದ ಧರ್ಮಾಧ್ಯಕ್ಷರ ಕೋರಿಕೆಗೆ ರೋಮಾಪುರಿ ಒಪ್ಪಿಗೆ ನೀಡಿ, ಆರತಿ, ದೀಪ ಮೊದಲಾದ ಹನ್ನೆರಡು ದೇಶೀಯ ಅಂಶಗಳಿಗೆ ಪೂಜೆಯಲ್ಲಿ ಎಡೆಯಿತ್ತಿತು.

ಹೀಗೆ ಅರುವತ್ತು-ಎಪ್ಪತ್ತರ ದಶಕಗಳಲ್ಲಿ ಕನ್ನಡ ನಮ್ಮ ಪೂಜಾಪೀಠವನ್ನು ಏರಿತು. ದಾವಣಗೆರೆ-ಹರಿಹರಗಳ ಮಟ್ಟಿಗೆ ಇದರ ಅರ್ಥ ಬೇರೆ ಕಡೆಗಿಂತ ಹೆಚ್ಚಿನದು. 1889ರಲ್ಲಿ ಬೆಂಗಳೂರಿನಿಂದ ಹರಿಹರದವರೆಗೆ ರೈಲುಮಾರ್ಗ ಪೂರ್ಣಗೊಂಡಿತು. ದಾವಣಗೆರೆಯಲ್ಲಿ ಹತ್ತಿಯ ಗಿರಣಿಗಳೆದ್ದವು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಯಿತು. ಗಿರಣಿಗಳ ಸದ್ದು ಬಹುಮಟ್ಟಿಗೆ ಅಡಗಿದೆ, ಆ ಕಾರ್ಖಾನೆಯೂ ಮುಚ್ಚಿದೆ. ಆದರೆ ಅವುಗಳ ಅನ್ನ ನಂಬಿ ಬಂದ ಜನ ಇಲ್ಲಿಯವರೇ ಆದರು. ಮನೆಯೊಳಗೆ ಕೊಂಕಣಿ, ತಮಿಳು, ತೆಲುಗು, ಮಲೆಯಾಳ ಆಡುವ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿ ಕನ್ನಡಿಗರೊಡನೆ ಒಂದೇ ಬೆಂಚಿನಲ್ಲಿ ಕುಳಿತರು. ಜಯಂತಿಗೆ ಒಬ್ಬರ ಮನೆಯಲ್ಲಿ ಕುಸ್ವಾರ್, ಇನ್ನೊಬ್ಬರ ಮನೆಯಲ್ಲಿ ಕಜ್ಜಾಯ. ಹಾಡು ಮಾತ್ರ ಎಲ್ಲರದೂ ಒಂದೇ. ಬೇರೆ ಬೇರೆ ತಾಯ್ನುಡಿಯವರನ್ನು ಒಂದು ಕುಟುಂಬವನ್ನಾಗಿ ಮಾಡಿದುದರಲ್ಲಿ ಉಪದೇಶಕ್ಕಿಂತ ಹಾಡಿನ ಪಾಲು ದೊಡ್ಡದು. ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯ ಮಾತೆಯ ಸನ್ನಿಧಿಗೆ ಜಾತಿಮತ ಭೇದವಿಲ್ಲದೆ ಹರಿದು ಬರುವ ಜನಸ್ತೋಮವನ್ನು ಕಂಡವರಿಗೆ ಇದು ತಿಳಿದ ವಿಷಯ. ಇಂದು ಕಿರಿಯ ಬೆಸಿಲಿಕವೆಂಬ ಗೌರವ ಪಡೆದಿರುವ ಆ ಪುಣ್ಯಕ್ಷೇತ್ರದಲ್ಲಿ ಮಾತೆಯ ಹಾಡಿಗೆ ದನಿಗೂಡಿಸುವವರೆಲ್ಲರೂ ಕ್ರೈಸ್ತರೇ ಅಲ್ಲ. ಹರಿಯನ್ನೂ ಹರನನ್ನೂ ಒಂದೇ ವಿಗ್ರಹದಲ್ಲಿ ಕಂಡ 1224ರ ಹೊಯ್ಸಳ ಗುಡಿಯಿರುವ ಊರಿನಲ್ಲಿ ಎರಡು ಕಂಠ ಒಂದಾಗುವುದು ಆಶ್ಚರ್ಯವೂ ಅಲ್ಲ.

ವಾದ್ಯದ ವಿಷಯದಲ್ಲಿಯೂ ದಾವಣಗೆರೆ ಅದೃಷ್ಟಶಾಲಿ. 1840ರ ದಶಕದಲ್ಲಿ ಪ್ಯಾರಿಸಿನಲ್ಲಿ ದೆಬೇನ್ ಎಂಬವನು ರೂಪಿಸಿದ ಹಾರ್ಮೋನಿಯಂ ಭಾರತಕ್ಕೆ ಬಂದು, ನೆಲದ ಮೇಲೆ ಕುಳಿತು ನುಡಿಸುವ ಕೈಪೆಟ್ಟಿಗೆಯಾಗಿ, ಚರ್ಚಿಗೂ ಭಜನೆಗೂ ನಾಟಕಕ್ಕೂ ಸಮನಾಗಿ ಸಂದಿತು. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ನಾಟಕ ಕಂಪನಿಯ ತವರಾದ, ಚಿಂದೋಡಿ ಲೀಲಾ ಅವರಂತಹ ಕಲಾವಿದೆಯನ್ನು ನಾಡಿಗಿತ್ತ ದಾವಣಗೆರೆಯಲ್ಲಿ ಪೇಟಿ ತಬಲಗಳ ನಾದ ಜನರ ಕಿವಿಗೆ ಹೊಸದಾಗಿರಲಿಲ್ಲ.

ಮಗುವೋ, ಮಾಗುವೋ?

ಪಶ್ಚಿಮದ ಮಟ್ಟಿಗೆ ಕನ್ನಡದ ಮಾತು ಹೊಂದಿಸುವುದು ಸುಲಭದ ಕೆಲಸವಲ್ಲ. ಇಂಗ್ಲಿಷು ಜರ್ಮನ್ನುಗಳ ಪದ್ಯ ಒತ್ತಿನ ಮೇಲೆ ನಡೆಯುತ್ತದೆ. ಕನ್ನಡದ ಪದ್ಯ ಮಾತ್ರೆಯ ಮೇಲೆ ನಡೆಯುತ್ತದೆ. ಹ್ರಸ್ವವನ್ನು ಎಳೆದರೆ ನಮ್ಮಲ್ಲಿ ಅರ್ಥವೇ ಕೆಡುತ್ತದೆ. ನೀಳವಾದ ಸ್ವರದ ಮೇಲೆ 'ಮಗು' ಎಂಬ ಮಾತನ್ನು ಕೂರಿಸಿದರೆ ಅದು 'ಮಾಗು' ಆಗಿ, ದಿವ್ಯ ಶಿಶು ಹಣ್ಣಾಗುತ್ತದೆ. 'ಹಸು'ವನ್ನು ಎಳೆದರೆ 'ಹಾಸು' ಆಗಿ, ಗೋದಲಿಯ ಹಸು ಚಾಪೆಯಾಗುತ್ತದೆ. ಅಲ್ಲದೆ ಎಷ್ಟೋ ಪಾಶ್ಚಾತ್ಯ ಮಟ್ಟುಗಳು ಬಲವಿಲ್ಲದ ಸ್ವರದಿಂದ ಆರಂಭವಾಗುತ್ತವೆ. ಕನ್ನಡದ ಪದದ ಬಲವೋ ಮೊದಲ ಅಕ್ಷರದಲ್ಲೇ ಇದೆ. ಇದನ್ನರಿಯದೆ ಮಾಡಿದ ಅನುವಾದಗಳನ್ನು ಹಾಡುವಾಗ ನಾಲಗೆ ಎಡವುತ್ತದೆ, ಮನಸ್ಸು ಹೊರಗುಳಿಯುತ್ತದೆ.

ಆದರೆ ದಾರಿಯಿಲ್ಲವೆಂದಲ್ಲ. 'ಸೈಲೆಂಟ್ ನೈಟ್' ಗೀತೆಯ ನಡೆ ಮೂರು ಮೂರು ಮಾತ್ರೆಗಳ ತೂಗು ನಡೆ. ನಮ್ಮ ಜೋಗುಳಗಳಿಗೂ 'ಉತ್ಸಾಹ' ರಗಳೆಗೂ ಪರಿಚಿತವಾದ ನಡೆಯೇ ಅದು. ನಮ್ಮ ಊರಿನ ಹೆಸರನ್ನೇ ಹೊತ್ತ, ಆದರೆ ಹಂಪೆಯವನಾದ ಹರಿಹರ ಕವಿ ಎಂಟು ನೂರು ವರುಷಗಳ ಹಿಂದೆಯೇ ರಗಳೆಯಲ್ಲಿ ಶಿವಶರಣರ ಕತೆಗಳನ್ನು ಹೇಳಿ ಕನ್ನಡದ ನಡೆಯನ್ನು ಪಳಗಿಸಿಟ್ಟಿದ್ದಾನೆ. ಗೋವಿಂದ ಪೈಗಳು 'ಗೊಲ್ಗೊಥಾ'ದಲ್ಲಿ ಪ್ರಭುವಿನ ಯಾತನೆಯನ್ನು ಕನ್ನಡ ಕಾವ್ಯವಾಗಿಸಿದ್ದಾರೆ. ಯಾತನೆಗೆ ಒಗ್ಗಿದ ನುಡಿ ಜನನಕ್ಕೆ ಒಗ್ಗದೆ ಹೋದೀತೆ?

ನಾಲ್ಕು ಧ್ವನಿಗಳ ಗಾಯನವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ದೇಶದ ಸಂಗೀತ ಒಂದೇ ರಾಗದ ಆಳಕ್ಕೆ ಇಳಿಯುತ್ತದೆ. ಪಶ್ಚಿಮದ ಗಾನವೃಂದ ಹಲವು ಧ್ವನಿಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸುತ್ತದೆ. ಸೊಪ್ರಾನೊ ಹಾಡುವ ಹುಡುಗಿ, ಆಲ್ಟೊ ಹಾಡುವ ಅವಳ ತಾಯಿ, ಟೆನರಿನ ತರುಣ, ಬಾಸಿನ ಹಿರಿಯ ಎಲ್ಲರೂ ತಮ್ಮ ತಮ್ಮ ದಾರಿಯಲ್ಲಿ ನಡೆಯುತ್ತ, ಪಕ್ಕದವರಿಗೆ ಕಿವಿಗೊಡುತ್ತ, ಒಂದೇ ಮುಕ್ತಾಯಕ್ಕೆ ಬಂದು ಸೇರಬೇಕು. ತನ್ನ ಧ್ವನಿಯೇ ಮೇಲೆ ಕೇಳಬೇಕೆಂದು ಒಬ್ಬರು ಕಿರುಚಿದರೂ ಹಾಡು ಕೆಟ್ಟಿತು. ಧರ್ಮಕೇಂದ್ರದ ಜೀವನಕ್ಕೆ ಇದಕ್ಕಿಂತ ಒಳ್ಳೆಯ ಶಿಕ್ಷಣ ನನಗೆ ತಿಳಿದಿಲ್ಲ.

ಮೌನವಾಗುತ್ತಿರುವ ಬೆಂಚುಗಳು

ಈಗ ಸ್ವಲ್ಪ ಕಹಿಯಾದರೂ ಹೇಳಬೇಕಾದ ಮಾತು. ಪೂಜಾಪೀಠದಲ್ಲಿ ನಿಂತವನಿಗೆ ಜನರ ತುಟಿಗಳು ಕಾಣುತ್ತವೆ. ಹಿಂದೆ ಜಯಂತಿಯ ರಾತ್ರಿ ಕೊನೆಯ ಬೆಂಚಿನವರ ತುಟಿಗಳೂ ಅಲುಗುತ್ತಿದ್ದವು. ಈಗ ಅಲುಗುವುದು ಮುಂದಿನ ಮೂಲೆಯಲ್ಲಿ ಧ್ವನಿವರ್ಧಕ ಹಿಡಿದ ಐದಾರು ಮಂದಿಯದು. ಉಳಿದವರ ಕೈಯಲ್ಲಿ ದೂರವಾಣಿ, ಅದರಲ್ಲಿ ಚಿತ್ರೀಕರಣ. ಕೆಲವೆಡೆ ಆ ಐದಾರು ಮಂದಿಯೂ ಬೇಕಾಗಿಲ್ಲ. ಮುದ್ರಿತ ಸಂಗೀತವನ್ನು ಹಾಕಿ ಅದರೊಡನೆ ಬಾಯಾಡಿಸುತ್ತಾರೆ. ಧರ್ಮಸಭೆ ಈ ಅಪಾಯವನ್ನು ಮುಂಚೆಯೇ ಕಂಡಿತ್ತು. 1958ರ ಸೆಪ್ಟೆಂಬರ್ 3ರಂದು ರೋಮಾಪುರಿ ಹೊರಡಿಸಿದ ಸೂಚನಾಪತ್ರ ಗ್ರಾಮಫೋನು, ರೇಡಿಯೊ, ಧ್ವನಿಸುರುಳಿ ಯಂತ್ರಗಳನ್ನು ಪೂಜಾವಿಧಿಯಲ್ಲಿ ಬಳಸಕೂಡದೆಂದು ಕಟ್ಟುನಿಟ್ಟಾಗಿ ಹೇಳಿತು. ಕಾರಣ ಸ್ಪಷ್ಟ. ಯಂತ್ರ ಶ್ರುತಿ ತಪ್ಪದೆ ಹಾಡೀತು, ಆದರೆ ಪ್ರಾರ್ಥಿಸಲಾರದು. ಬಲಿಪೂಜೆಯಲ್ಲಿ ದೇವರಿಗೆ ಅರ್ಪಿತವಾಗಬೇಕಾದದ್ದು ನಮ್ಮ ಉಸಿರು. ಬೇರೆ ಊರಿನ ಕೊಠಡಿಯೊಂದರಲ್ಲಿ ಬಾಡಿಗೆಗೆ ಹಾಡಿದವರ ಉಸಿರನ್ನು ನಾವು ಅರ್ಪಿಸಲಾಗುವುದಿಲ್ಲ.

ನಮ್ಮ ಮಕ್ಕಳನ್ನು ಕ್ರಿಸ್ತಜಯಂತಿಯ ಒಂದು ಹಾಡು ಹೇಳಿರೆಂದರೆ ಹತ್ತರಲ್ಲಿ ಒಂಬತ್ತು ಮಂದಿ 'ಜಿಂಗಲ್ ಬೆಲ್ಸ್' ಎತ್ತಿಕೊಳ್ಳುತ್ತಾರೆ. 1857ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಆ ಹಾಡು ಹಿಮದ ಮೇಲೆ ಜಾರುಬಂಡಿ ಓಡಿಸುವ ವಿನೋದದ ಹಾಡು. ಅದರಲ್ಲಿ ಕ್ರಿಸ್ತರ ಹೆಸರಿಲ್ಲ, ಜಯಂತಿಯ ಮಾತೂ ಇಲ್ಲ. ಮಕ್ಕಳು ಅದನ್ನು ಹಾಡಿ ನಲಿಯಲಿ, ಬೇಡವೆನ್ನುವುದಿಲ್ಲ. ಆದರೆ ದಾವಣಗೆರೆಯ ಡಿಸೆಂಬರಿನಲ್ಲಿ ಹಿಮವೆಲ್ಲಿ ಬಂತು? ಜೋಳದ ಹೊಲ, ಹತ್ತಿಯ ಹೊಲ, ಕುರಿಮಂದೆ, ತುಂಗಭದ್ರೆಯ ಚಳಿಗಾಳಿ ಇರುವಾಗ, ಬೆತ್ಲೆಹೇಮಿಗೆ ಹೆಚ್ಚು ಸಮೀಪವಿರುವುದು ನಾವೇ ಅಲ್ಲವೆ?

ಇದಕ್ಕೆ ಪರಿಹಾರ ದುಬಾರಿಯದೇನಲ್ಲ. ಶತಮಾನೋತ್ಸವದ ಸಂಕಲ್ಪವಾಗಿ ಕೆಲವನ್ನು ನಿಮ್ಮ ಮುಂದಿಡುತ್ತೇನೆ. ಆಗಮನ ಕಾಲದ ಮೊದಲ ಭಾನುವಾರದಿಂದ ಪೂಜೆಗೆ ಮುನ್ನ ಹತ್ತು ನಿಮಿಷ ಇಡೀ ಸಭೆಗೆ ಹಾಡಿನ ಅಭ್ಯಾಸವಾಗಲಿ. ಪರಮಪ್ರಸಾದವನ್ನು ಮೊದಲ ಬಾರಿಗೆ ಸ್ವೀಕರಿಸುವ ಪ್ರತಿಯೊಂದು ಮಗುವಿಗೂ ಜಪಗಳ ಜೊತೆಗೆ ಜಯಂತಿಯ ಮೂರು ಕನ್ನಡ ಗೀತೆಗಳು ಬಾಯಿಗೆ ಬರಲಿ. ಹಿರಿಯರ ನೆನಪಿನಲ್ಲಿರುವ ಹಳೆಯ ಹಾಡುಗಳನ್ನು ತರುಣರು ಮನೆಮನೆಗೆ ಹೋಗಿ ಬರೆದುಕೊಳ್ಳಲಿ, ಕೈಯಲ್ಲಿರುವ ದೂರವಾಣಿಯಲ್ಲಿ ಅವರ ಧ್ವನಿಯನ್ನು ಹಿಡಿದಿಡಲಿ. ಯಂತ್ರಕ್ಕೆ ಸರಿಯಾದ ಕೆಲಸ ಅದು. ಗಾನವೃಂದದವರು ಕಷ್ಟದ ಬಹುಧ್ವನಿ ಗೀತೆಯನ್ನು ಕಾಣಿಕೆಯ ವೇಳೆಯಲ್ಲಿಯೋ ಪರಮಪ್ರಸಾದದ ನಂತರವೋ ಹಾಡಲಿ. ಆದರೆ ಮಹಿಮಾಗೀತೆಯನ್ನೂ ಪಲ್ಲವಿಗಳನ್ನೂ ಜನರಿಂದ ಕಸಿದುಕೊಳ್ಳದಿರಲಿ. ಬರೆಯಬಲ್ಲವರು ಮಾತ್ರೆಯರಿತು ಹೊಸ ಗೀತೆಗಳನ್ನು ಬರೆಯಲಿ. ಪೂಜೆಯಲ್ಲಿ ಬಳಸುವ ಮುನ್ನ ಅವುಗಳಿಗೆ ಧರ್ಮಾಧ್ಯಕ್ಷರ ಸಮ್ಮತಿ ಪಡೆಯೋಣ. ಡಿಸೆಂಬರಿನ ಸಂಜೆಗಳಲ್ಲಿ ಮನೆಮನೆಗೆ ಹೋಗುವ ಭಜನೆಯ ತಂಡ ದೊಡ್ಡ ಮನೆಗಳ ಬಾಗಿಲಿಗಷ್ಟೇ ಹೋಗದೆ, ಹಾಸಿಗೆ ಹಿಡಿದವರಿರುವ, ಈ ವರುಷ ಸಾವು ಕಂಡ, ಕೆಲಸ ಕಳೆದುಕೊಂಡವರಿರುವ ಮನೆಗಳಿಗೆ ಮೊದಲು ಹೋಗಲಿ. ಕುರುಬರಿಗೆ ಮೊದಲು ಕೇಳಿಸಿದ ಹಾಡಿನ ನಿಯಮ ಅದು.

ರಾತ್ರಿ ಹತ್ತರ ಮೇಲೆ ಬಯಲಿನ ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳು ಅಡ್ಡಿ ಬರುತ್ತವೆಂದು ಕೆಲವರು ಪ್ರತಿ ವರುಷವೂ ಚಿಂತಿಸುತ್ತಾರೆ. ಚಿಂತೆ ಬೇಡ. ಓಬೆರ್ನ್‌ಡಾರ್ಫಿನ ದೋಣಿಗಾರರಿಗೆ ಎರಡು ಕಂಠ, ಒಂದು ಗಿಟಾರ್ ಸಾಕಾಗಿತ್ತು.

ನೂರು ವರುಷಗಳಲ್ಲಿ ಈ ದೇವಾಲಯದ ಛಾವಣಿಯ ಕೆಳಗೆ ಹಾಡಿದವರಲ್ಲಿ ಬಹುಪಾಲು ಮಂದಿ ಇಂದು ನಮ್ಮ ಸಮಾಧಿಭೂಮಿಯಲ್ಲಿ ಪುನರುತ್ಥಾನದ ನಿರೀಕ್ಷೆಯಲ್ಲಿ ನಿದ್ರಿಸುತ್ತಿದ್ದಾರೆ. ಅವರ ಹೆಸರುಗಳು ಮರೆತಿರಬಹುದು. ಅವರು ನಮಗೆ ಬಿಟ್ಟುಹೋದ ಹಾಡನ್ನು ಮುಂದಿನವರಿಗೆ ದಾಟಿಸುವುದು ನಮ್ಮ ಹೊಣೆ. ಬರುವ ಜಯಂತಿಯ ರಾತ್ರಿ ಗಂಟೆ ಬಾರಿಸಿ ಮಹಿಮಾಗೀತೆ ಎದ್ದಾಗ, ಶ್ರುತಿ ಸೇರಲಿ ಸೇರದಿರಲಿ, ನಿಮ್ಮ ನಿಮ್ಮ ಬಾಯಿ ತೆರೆಯಿರಿ. ಕೊಟ್ಟಿಗೆಯಲ್ಲಿ ಹುಟ್ಟಿದ ಪ್ರಭು ಒರಟು ಕಂಠಗಳನ್ನು ಎಂದೂ ಹೊರಗಟ್ಟಿದವರಲ್ಲ. ಆರೋಗ್ಯ ಮಾತೆ ನಮ್ಮೆಲ್ಲರಿಗಾಗಿ ಪ್ರಾರ್ಥಿಸಲಿ.